ಮಗ್ಗ ನಿಂತರೆ ಎಚ್ಚರಾಗುವ ಕೂಸುಗಳು

ಇಚಲಕರಂಜಿಯ ಮೊದಲ ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಕೋಣೆಗೆ ಕಾಲಿಟ್ಟ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಜಮಖಾನದ ಮೇಲೆ ಕೂತವರೆಲ್ಲ ಮುದುಕರು. ಒಬ್ಬನ ತಲೆಯಲ್ಲೂ ಕರಿಕೂದಲಿಲ್ಲ, ಹುಬ್ಬು ಸಹ ಬೆಳ್ಳಗೆ. ಅಯ್ಯೋ ದೇವರೇ, ಸಭೆ ಬೆಳೆಸು ಅಂತ ಹೇಳಿ ವೃದ್ಧಾಶ್ರಮಕ್ಕೆ ಕಳಿಸಿದ್ದಾರಲ್ಲ ಅಂದುಕೊಂಡೆ. ಸಿದ್ಧ ಮಾಡಿಕೊಂಡು ಬಂದಿದ್ದ ಪ್ರಸಂಗವನ್ನು ಮಡಚಿಟ್ಟು, ಇಳಿವಯಸ್ಸಿನಲ್ಲೂ ದೇವರು ಕೈಬಿಡುವುದಿಲ್ಲ ಎಂಬುದರ ಮೇಲೆ ಕಣ್ಣು ಒದ್ದೆ ಮಾಡಿಕೊಂಡು ಮಾತಾಡಿದೆ. ಅರ್ಧ ಜನ ತೂಕಡಿಸಿದರು. ಪಾಪ, ವಯಸ್ಸು ಅಂತ ಕ್ಷಮಿಸಿದೆ.

ಆಶೀರ್ವಾದ ಮುಗಿದದ್ದೇ ತಡ, ಮುಂದಿನ ಸಾಲಿನ ಅಜ್ಜನೊಬ್ಬ ಹೊರಗೆ ಹೋಗಿ ಟವೆಲ್ಲಿನಿಂದ ತಲೆ ಝಾಡಿಸಿಕೊಂಡ. ನೋಡಿದರೆ ಮೀಸೆ ಚಿಗುರುತ್ತಿರುವ ಹುಡುಗ! ಒಬ್ಬೊಬ್ಬರೇ ಝಾಡಿಸಿಕೊಂಡು ಪ್ರಾಯಕ್ಕೆ ಬಂದರು. ಅವರೆಲ್ಲ ರಾತ್ರಿ ಪಾಳಿ ಮುಗಿಸಿ ವಿದ್ಯುತ್ ಮಗ್ಗದ ಶೆಡ್ಡಿನಿಂದ ನೇರವಾಗಿ ಬಂದವರು, ತಲೆಯ ಮೇಲಿದ್ದದ್ದು ಹತ್ತಿಯ ಜುಂಗು. ಮಗ್ಗ ನನಗೆ ಹೊಸದಲ್ಲ, ನಮ್ಮ ಕೊಳ್ಳೇಗಾಲದಲ್ಲೂ ಇವೆ. ಆದರೆ ಅಲ್ಲಿಯದು ರೇಷ್ಮೆ. ರೇಷ್ಮೆ ಹಾರಿಬಂದು ಯಾರ ವಯಸ್ಸನ್ನೂ ಹೆಚ್ಚಿಸುವುದಿಲ್ಲ.

ನಾನು ಸಭಾಪಾಲಕ. ಒಂದು ವರ್ಷದ ಮಟ್ಟಿಗೆ ಅಂತ ಕೊಳ್ಳೇಗಾಲದಿಂದ ಮಹಾರಾಷ್ಟ್ರದ ಈ ಊರಿಗೆ ಬಂದವನು. ಇಚಲಕರಂಜಿಯ ಕನ್ನಡ ಸಭೆ, ಗಡಹಿಂಗ್ಲಜ ಕಡೆಯ ಹಳ್ಳಿಗಳ ಕೆಲವು ಕುಟುಂಬಗಳು, ಇವಿಷ್ಟು ನನ್ನ ಪಾಲು. ಇವೆರಡರ ಮೇಲೆ ಕೊಲ್ಲಾಪುರದ ಹಿರಿಯ ಪಾಸ್ಟರ್ ಶಿಂದೆ ಸಾಹೇಬರು. ಅವರು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಕನ್ನಡ ಸಭೆ ಸೊರಗುತ್ತಿದೆ, ಮಕ್ಕಳು ಓದುವುದು ಮರಾಠಿ ಶಾಲೆಯಲ್ಲಿ, ವರ್ಷ ತುಂಬಿದ ಮೇಲೆ ನಾನೇ ಬಂದು ನೋಡುತ್ತೇನೆ, ಜೀವ ಕಂಡರೆ ಸರಿ, ಇಲ್ಲದಿದ್ದರೆ ಮರಾಠಿ ಆರಾಧನೆಗೆ ಸೇರಿಸಿಬಿಡೋಣ. ತಪ್ಪು ಮಾತೇನಲ್ಲ. ಏನೇ ಆದರೂ ವರ್ಷ ಕಳೆದ ಮೇಲೆ ನಾನು ಊರಿಗೆ ಮರಳುವುದು ಗಟ್ಟಿಯಾಗಿತ್ತು. ನನ್ನ ಹೆಂಡತಿ ಸುಮತಿ ಅಲ್ಲಿ ಶಾಲೆಯ ಮೇಡಂ. ಒಂದೇ ವರ್ಷ ಅಂತ ಮ್ಯಾನೇಜ್‌ಮೆಂಟಿನವರ ಕೈಕಾಲು ಹಿಡಿದು ರಜೆ ಪಡೆದು ಬಂದಿದ್ದಳು.

ನಮಗೆ ಸಿಕ್ಕ ಮನೆ ಒಂದು ಶೆಡ್ಡಿನ ನೆತ್ತಿಯ ಮೇಲೆ. ಕೆಳಗೆ ಮಗ್ಗ, ಮೇಲೆ ನಾವು. ನೆಲ ಸದಾ ಸಣ್ಣಗೆ ನಡುಗುತ್ತದೆ. ಶೆಲ್ಫಿನ ಮೇಲಿಟ್ಟ ಲೋಟಗಳು ತಾವೇ ನಡೆದುಕೊಂಡು ಅಂಚಿಗೆ ಬರುತ್ತವೆ. ಮೊದಲ ವಾರ ಒಂದು ಬಿತ್ತು, ಎರಡು ಬಿದ್ದವು, ಆಮೇಲೆ ಸುಮತಿ ಶೆಲ್ಫಿಗೆ ಅಡ್ಡಲಾಗಿ ದಾರ ಬಿಗಿದಳು. ಅಡುಗೆ ಮಾಡುತ್ತ ಅಳುತ್ತಿದ್ದಳು, ಕೇಳಿದರೆ ಈರುಳ್ಳಿ ಅನ್ನುತ್ತಿದ್ದಳು. ಅನ್ನಕ್ಕೆ ಯಾವ ಈರುಳ್ಳಿ? ರಾಗಿಹಿಟ್ಟಿಗಾಗಿ ಊರೆಲ್ಲ ಸುತ್ತಿದೆ. ಸಿಕ್ಕಿದ್ದು ಕೂಸುಗಳಿಗೆ ಕುಡಿಸಲು ಮಾರುವ ಒಂದು ಪುಟ್ಟ ಡಬ್ಬಿಯಷ್ಟು, ಅದರಲ್ಲಿ ಮುದ್ದೆ ಕಟ್ಟಿದರೆ ನಿಂಬೆಹಣ್ಣಿನ ಗಾತ್ರ.

ಆದರೆ ನಾಲಗೆ ಬೇಗ ಜಾತ್ಯತೀತವಾಗುತ್ತದೆ ನೋಡಿ. ಕೊಲ್ಲಾಪುರಕ್ಕೆ ಮೀಟಿಂಗಿಗೆ ಹೋದಾಗ ಊಟಕ್ಕೆ ತಾಂಬಡಾ, ಪಾಂಢರಾ ಅಂತ ಎರಡು ಬಟ್ಟಲು ತಂದಿಟ್ಟರು. ತಾಂಬಡಾ ಅಂದರೆ ಕೆಂಪು ಸಾರು, ಪಾಂಢರಾ ಅಂದರೆ ಬಿಳಿ ಸಾರು. ಮೈಸೂರು ಸೀಮೆಯವನ ಹಮ್ಮಿನಲ್ಲಿ ಕೆಂಪನ್ನೇ ಸುರಿದುಕೊಂಡೆ. ಕಿವಿಯಲ್ಲಿ ಶಿಳ್ಳೆ ಹೊಡೆಯಿತು. ಶಿಂದೆ ಸಾಹೇಬರು ನಕ್ಕು ಬಿಳಿ ಬಟ್ಟಲನ್ನು ಈಚೆ ಸರಿಸಿದರು. ಈಗ ಕೆಂಪಿಲ್ಲದಿದ್ದರೆ ನನಗೆ ಮಾಂಸದೂಟವೇ ಊಟವಲ್ಲ. ಬೆಳಿಗ್ಗೆ ರೊಟ್ಟಿಗೆ ಖರಡಾ ಅಂತ ಹಸಿಮೆಣಸಿನಕಾಯಿ ಕುಟ್ಟಿದ್ದು ಬೇಕೇ ಬೇಕು.

ಭಾಷೆಯ ಕಥೆ ಬೇರೆ. ಕನ್ನಡದವರ ನಡುವೆ ಹೋಗುತ್ತಿದ್ದೇನೆ, ಚಿಂತೆಯೇನು ಅಂತ ಬಂದವನು ನಾನು. ನನ್ನ ಮಾತು ಕೇಳಿದ ಮಕ್ಕಳು ಸಿನಿಮಾದವರು ಬಂದಾರ ಅಂತ ಓಡಿಬರುತ್ತಿದ್ದರು. ದೊಡ್ಡವರು ಕೂಗಾಡುತ್ತಿದ್ದರು. ಕ್ಷೇಮ ಕೇಳುವುದೂ ಕೂಗಿ, ಚಹಾಕ್ಕೆ ಕರೆಯುವುದೂ ಕೂಗಿ. ಹೊಸ ಪಾದ್ರಿ ಯಾರಿಗೂ ಹಿಡಿಸಿಲ್ಲ ಅಂತ ತಿಂಗಳುಗಟ್ಟಲೆ ಕೊರಗಿದೆ. ಇನ್ನೊಂದು ವಿಚಿತ್ರ, ನಾನು ಮಾತಾಡುವಾಗ ಯಾರೂ ನನ್ನ ಕಣ್ಣು ನೋಡುತ್ತಿರಲಿಲ್ಲ. ಎಲ್ಲರ ದೃಷ್ಟಿ ನನ್ನ ಬಾಯಿಯ ಮೇಲೆ.

ಅದನ್ನು ಬಿಡಿಸಿ ಹೇಳಿದವಳು ರೂತವ್ವ. ಅವಳು ಕಾಂಡಿ ಸುತ್ತುವ ಹೆಂಗಸು. ಕಾಂಡಿ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಗೋಕಾಕ ಕಡೆಯಿಂದ ಗಂಡನ ಜೊತೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು, ಈಗ ಮೊಮ್ಮಕ್ಕಳನ್ನು ಕಂಡವಳು. ಸಭೆಯಲ್ಲಿ ಅವಳ ಮಾತನ್ನು ತೆಗೆದುಹಾಕುವವರಿಲ್ಲ. ಒಂದು ದಿನ ಮನೆಗೆ ಬಂದು, ಸುಮತಿ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮೀಸೆ ಒಂಚೂರು ಕಡಿಮೆ ಮಾಡಿರಿ ಅಂದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮಪ್ಪನ ಕಾಲದಿಂದ ಬಂದ ಮೀಸೆ, ಮಾತಾಡಲು ನೀನ್ಯಾರು ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಹೇಳಿದಳು. ಮಗ್ಗದ ಸದ್ದಿನಲ್ಲಿ ಕಿವಿಗೆ ಕೆಲಸವಿಲ್ಲ, ಇಲ್ಲಿಯವರೆಲ್ಲ ತುಟಿ ನೋಡಿಯೇ ಮಾತು ತಿಳಿಯುವವರು, ಶೆಡ್ಡಿನ ಈ ತುದಿಯಿಂದ ಆ ತುದಿಗೆ ದನಿಯಿಲ್ಲದೆ ಹರಟೆ ಹೊಡೆಯುವವರು. ನಮ್ಮ ಪ್ರಾರ್ಥನೆಯ ಕೋಣೆಗೂ ಪಕ್ಕದ ಶೆಡ್ಡಿಗೂ ಒಂದೇ ಗೋಡೆ. ನನ್ನ ಮೀಸೆ ಅರ್ಧ ದೇವರ ವಾಕ್ಯವನ್ನು ನುಂಗುತ್ತಿತ್ತು. ಪುಸ್ತಕ ನೋಡಿ ಓದಲು ತಲೆ ಬಗ್ಗಿಸಿದರಂತೂ ಪ್ರಸಂಗವೇ ಖಲಾಸ್.

ಆ ಸಂಜೆಯೇ ಮೀಸೆ ಕತ್ತರಿಸಿದೆ. ಸುಮತಿ ಈ ಊರಿಗೆ ಬಂದ ಮೇಲೆ ಮೊದಲ ಬಾರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಾನು ಬರೆದುಕೊಂಡು ಓದುವುದನ್ನು ಬಿಟ್ಟೆ. ಮುಖ ಎತ್ತಿ, ನಿಧಾನವಾಗಿ, ಸಣ್ಣ ಸಣ್ಣ ಮಾತಿನಲ್ಲಿ ಹೇಳಲು ಕಲಿತೆ. ತೂಕಡಿಕೆ ಅರ್ಧಕ್ಕಿಳಿಯಿತು. ಉಳಿದರ್ಧ ರಾತ್ರಿ ಪಾಳಿಯ ನಿದ್ದೆ, ಅದನ್ನು ಕಸಿದುಕೊಳ್ಳುವ ಹಕ್ಕು ನನಗಿಲ್ಲ. ಸುಮತಿಯಂತೂ ಹೆಂಗಸರಿಂದ ಈ ವಿದ್ಯೆಯನ್ನು ನನಗಿಂತ ಚೆನ್ನಾಗಿ ಕಲಿತಳು. ಮಾಳಿಗೆಯ ಮೇಲೆ ಸಂಜೆ ಕನ್ನಡ ಅಕ್ಷರದ ಪಾಠ ಸುರು ಮಾಡಿದಳು. ಹಾಡನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿದ್ದ ನಮ್ಮ ಮಕ್ಕಳ ಜೊತೆಗೆ ಓಣಿಯ ಬೇರೆ ಮಕ್ಕಳೂ ಬಂದು ಕೂತವು. ಜಮಖಂಡಿಯ ಅಜ್ಜಿ, ಅಥಣಿಯ ಅತ್ತೆ, ಎಲ್ಲರಿಗೂ ಫೋನಿನಲ್ಲಿ ಮಾತಾಡಲು ಕನ್ನಡ ಬೇಕಲ್ಲ.

ಮಳೆಗಾಲದಲ್ಲಿ ಪಂಚಗಂಗೆ ಉಕ್ಕಿ ತಗ್ಗಿನ ಓಣಿಗಳಿಗೆ ನುಗ್ಗಿದಳು. ನಮ್ಮ ಕೋಣೆ ಎತ್ತರದಲ್ಲಿತ್ತು. ನಾನು ಕೊಲ್ಲಾಪುರಕ್ಕೆ ಫೋನು ಮಾಡಿ ಅಪ್ಪಣೆ ಕೇಳಬೇಕೋ ಏನೋ ಅಂತ ಯೋಚಿಸುವಷ್ಟರಲ್ಲಿ ರೂತವ್ವ ಬೀಗ ತೆಗೆಸಿ ಜನರನ್ನು ಒಳಗೆ ಕೂರಿಸಿದ್ದಳು. ಯಾರ ದೇವರು ಯಾವುದು ಅಂತ ಕೇಳುವ ಹೊತ್ತೇ ಅದು? ಪಕ್ಕದ ಶೆಡ್ಡಿನ ಮಾಲೀಕರು ಚೌಗುಲೆ ಅಣ್ಣ. ಅಕಿವಾಟದ ಜೈನರು, ಹೊಲವೂ ಉಂಟು, ಮಗ್ಗವೂ ಉಂಟು, ಮನೆಯಲ್ಲಿ ಕನ್ನಡ, ವ್ಯಾಪಾರಕ್ಕೆ ಮರಾಠಿ. ಅವರು ನೂಲಿನ ಗೋದಾಮು ಖಾಲಿ ಮಾಡಿಸಿ ಹೆಂಗಸರು ಮಕ್ಕಳಿಗೆ ಬಿಟ್ಟುಕೊಟ್ಟರು. ಸಂಜೆಯೊಳಗೆ ಎಲ್ಲರ ಊಟ ಮುಗಿಯಬೇಕು ಅನ್ನುವುದೊಂದೇ ಅವರ ಕರಾರು, ತಾವು ಕತ್ತಲಾದ ಮೇಲೆ ಉಣ್ಣದವರು. ನಮ್ಮ ಹೆಂಗಸರು ರೊಟ್ಟಿ ಬಡಿದು ಬಡಿದು ಕೈ ಸೋತರು. ರಸ್ತೆ ತೆರೆದ ದಿನ ಗಡಹಿಂಗ್ಲಜ ಕಡೆಯ ನೇಸರಿಯ ನಮ್ಮ ಕುಟುಂಬವೊಂದು ಎಸ್‌ಟಿ ಬಸ್ಸಿನಲ್ಲಿ ಹಾಲಿನ ಕ್ಯಾನು ಹತ್ತಿಸಿ ಕಳಿಸಿತು. ಅಲ್ಲಿಯದೇ ನೂಲ ಎಂಬ ಹಳ್ಳಿಯಿಂದ ಬೆಲ್ಲ ಬಂತು. ಕಂಡಕ್ಟರ್ ಸ್ಟ್ಯಾಂಡಿನಲ್ಲಿ ಇಳಿದು, ಪಾದ್ರೀ ಕೋಣ ಹಾಯ್, ಅಂದರೆ ಪಾದ್ರಿ ಯಾರು, ಅಂತ ಕೂಗಿದಾಗ ನಾನು ಮದುಮಗನ ಹಾಗೆ ಕೈ ಎತ್ತಿದೆ. ಅಂದಿನಿಂದ ಊರಲ್ಲಿ ನನಗೊಂದು ಗುರುತಾಯಿತು. ದೂರ ಸರಿದಿದ್ದ ನಮ್ಮವರೇ ಅನೇಕರು ಮಳೆ ನಿಂತ ಮೇಲೆ ಸಭೆಗೆ ಮರಳಿದರು, ಜಮಖಾನ ಸಾಲದೆ ಹೊಸದು ಕೊಂಡೆವು.

ವರ್ಷ ತುಂಬಿತು. ಶಿಂದೆ ಸಾಹೇಬರು ಬರುವ ದಿನ ಗೊತ್ತಾಯಿತು. ನನಗೆ ಒಂದೇ ಆಸೆ, ಅವರು ನಮ್ಮ ಹಾಡನ್ನು ಸರಿಯಾಗಿ ಕೇಳಬೇಕು. ಮಗ್ಗದ ಗಲಾಟೆಯಲ್ಲಿ ಕನ್ನಡ ಯಾವುದು, ಮರಾಠಿ ಯಾವುದು? ಚೌಗುಲೆ ಅಣ್ಣನ ಬಳಿ ಹೋಗಿ, ಅದೊಂದು ತಾಸು ಮಗ್ಗ ನಿಲ್ಲಿಸಲಾದೀತೇ ಅಂತ ಅಳುಕುತ್ತಲೇ ಕೇಳಿದೆ. ದೇವರ ಕೆಲಸ ಅಲ್ಲವೇ, ಅದರಲ್ಲೇನಿದೆ ಅಂದುಬಿಟ್ಟರು. ನಾನು ಕುಣಿಯುವುದೊಂದು ಬಾಕಿ. ಸುಮತಿಗೂ ಹೇಳಲಿಲ್ಲ, ಎಲ್ಲರಿಗೂ ಆಶ್ಚರ್ಯ ಆಗಲಿ ಅಂತ.

ಆಶ್ಚರ್ಯವಾಯಿತು. ಮೊದಲ ಹಾಡಿನ ನಡುವೆ ಗೋಡೆಯಾಚೆ ಮಗ್ಗಗಳು ಒಂದೊಂದಾಗಿ ನಿಂತವು. ಆ ಕ್ಷಣಕ್ಕೆ ಸರಿಯಾಗಿ, ತಾಯಂದಿರ ತೊಡೆಯ ಮೇಲೆ ಗಾಢ ನಿದ್ದೆಯಲ್ಲಿದ್ದ ಕೂಸುಗಳೆಲ್ಲ ಬೆಚ್ಚಿಬಿದ್ದು ಅಳತೊಡಗಿದವು. ಹುಟ್ಟಿದಂದಿನಿಂದ ಮಗ್ಗದ ಜೋಗುಳದಲ್ಲೇ ಮಲಗಿದವು, ಮೌನವೆಂದರೆ ಅವಕ್ಕೆ ಗುಡುಗು. ಗಂಡಸರು ಕರೆಂಟು ಹೋಯಿತೆಂದು ಚಾವಣಿ ನೋಡಿದರು, ಇಬ್ಬರು ಅಭ್ಯಾಸಬಲದಿಂದ ಹೊರಗೇ ಓಡಿದರು. ಹಾಡುತ್ತಿದ್ದವರಿಗೆ ತಮ್ಮ ದನಿ ತಮಗೇ ಕೇಳಿಸಿತು. ಅಷ್ಟು ಜೋರು ದನಿ ಎಂದು ಅವರಿಗೇ ಗೊತ್ತಿರಲಿಲ್ಲ. ನಾಚಿಕೊಂಡು ಒಬ್ಬೊಬ್ಬರೇ ಸಣ್ಣಗಾದರು, ಕೊನೆಗೆ ಬಾಯಿ ಮುಚ್ಚಿದರು. ಉಳಿದದ್ದು ನಾನೊಬ್ಬನೇ, ಅದೂ ಶ್ರುತಿ ತಪ್ಪಿ. ಶಿಂದೆ ಸಾಹೇಬರು ಕಂಬದಂತೆ ಕೂತಿದ್ದರು. ಮುಗಿಯಿತು, ವರ್ಷದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅಂದುಕೊಂಡೆ.

ರೂತವ್ವ ತಿರುಗುತ್ತಲೇ ಇದ್ದ ಫ್ಯಾನು ನೋಡಿದಳು, ನನ್ನ ಮುಖ ನೋಡಿದಳು, ಎದ್ದುನಿಂತಳು.

"ಅಯ್ನೋರ, ಮಗ್ಗ ಹಚ್ಚಸ್ರಿ. ಬಾಜೂ ಹುಡುಗೂರು ಕೈ ಕಟ್ಟಿಕೊಂಡ ನಿಂತಾರ. ಅವರಿಗೆ ಮೀಟರ್ ಲೆಕ್ಕದಾಗ ಪಗಾರ. ಅವರ ತಾಸು ನಾವು ತಿಂದು ದೇವರ ಮುಂದ ಕುಂಡ್ರೂದು ಚಲೋ ಅಲ್ರಿ."

ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ. ಆರಾಧನೆಯ ಅಂಗಿಯಲ್ಲೇ ಹೊರಗೋಡಿದೆ. ಜಮಖಂಡಿ ಕಡೆಯ ಹುಡುಗರು ಶೆಡ್ಡಿನ ಗೋಡೆಗೊರಗಿ ಸುಮ್ಮನೆ ನಿಂತಿದ್ದರು, ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲದೆ. ಕ್ಷಮೆ ಕೇಳಿ, ಸುರು ಮಾಡಿ ಅಂದೆ. ಅವರು ನಗುತ್ತ ಒಳಗೋಡಿದರು. ನಾನು ಕೋಣೆಗೆ ಮರಳುವಷ್ಟರಲ್ಲಿ ಗೋಡೆ ನಡುಗತೊಡಗಿತ್ತು, ಕೂಸುಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಆಮೇಲೆ ಹಾಡಿದರು ನೋಡಿ! ಶಿಂದೆ ಸಾಹೇಬರು ಒಂದು ಕಿವಿಗೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ತಾಳ ಹಾಕುತ್ತಿದ್ದರು.

ಆರಾಧನೆ ಮುಗಿದ ಮೇಲೆ ಯಾರೂ ಏಳಲಿಲ್ಲ. ಸಾಹೇಬರು ರೂತವ್ವನನ್ನು ಹತ್ತಿರ ಕರೆದು, ಮರಾಠಿ ಇಷ್ಟು ಚೆನ್ನಾಗಿ ಬರುತ್ತದಲ್ಲ, ಪ್ರಾರ್ಥನೆಗೆ ಆಗದೇ ಅಂತ ಮರಾಠಿಯಲ್ಲಿ ಕೇಳಿದರು. ಅವಳು ಉತ್ತರವನ್ನು ನನಗೆ ಕನ್ನಡದಲ್ಲಿ ಹೇಳಿದಳು.

"ಬಾಜಾರ ಮರಾಠ್ಯಾಗ ಮಾಡತೇನ್ರಿ, ಜಗಳಾನೂ ಮರಾಠ್ಯಾಗ ಭಾಳ ಚಂದ ಮಾಡತೇನಿ. ಅಳೂದು ಮಾತ್ರ ಕನ್ನಡದಾಗ ಬರತೈತ್ರಿ."

ನನ್ನ ಹರಕು ಮರಾಠಿಯಲ್ಲಿ ಅದನ್ನು ದಾಟಿಸಿದೆ. ಸಾಹೇಬರು ಗಡ್ಡ ತುರಿಸಿಕೊಂಡರು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು ಹೇಳಿದರು. ಕನ್ನಡ ಸಭೆ ಉಳಿಯಲಿ, ನನ್ನ ಒಪ್ಪಿಗೆ ಇದೆ. ಆದರೆ ಇಲ್ಲಿಗೆ ಬರುವ ಕನ್ನಡ ಸಭಾಪಾಲಕರು ಬೇರೆ ಯಾರೂ ಇಲ್ಲ. ನೀವು ಊರಿಗೆ ಹೋದರೆ ನಾನು ಮರಾಠಿಯವರನ್ನೇ ಕಳಿಸಬೇಕಾಗುತ್ತದೆ. ನೀವು ಇರುತ್ತೀರಾ?

ಇರುತ್ತೇನೆ ಅನ್ನಲು ನಾನ್ಯಾರು? ಕೆಲಸಕ್ಕೆ ರಜೆ ಹಾಕಿ ಬಂದವಳು ಸುಮತಿ. ಊರಿಗೆ ಹೋದಕೂಡಲೇ ಯಾವ ತರಗತಿ ಕೊಡುತ್ತಾರೆ ಅಂತ ಹಿಂದಿನ ವಾರವಷ್ಟೇ ಫೋನಿನಲ್ಲಿ ವಿಚಾರಿಸಿದ್ದಳು. ಕೋಣೆಯ ಆ ತುದಿಯಲ್ಲಿ ಹೆಂಗಸರ ನಡುವೆ ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ಅವಳನ್ನೇ ನೋಡಿದೆ. ಸಾಹೇಬರು ಏನು ಕೇಳಿದರೆಂಬುದು ಅವರ ತುಟಿಯಿಂದಲೋ ನನ್ನ ಮುಖದಿಂದಲೋ ಅವಳಿಗೆ ತಿಳಿದಿತ್ತು. ತಲೆ ತಗ್ಗಿಸಿ ಕೂಸಿನ ಹೊದಿಕೆ ಸರಿಮಾಡಿದಳು. ನನಗೆ ಭಯವಾಯಿತು. ಆಮೇಲೆ ಮುಖವೆತ್ತಿ, ದನಿಯಿಲ್ಲದೆ, ತುಟಿ ಮಾತ್ರ ಅಲ್ಲಾಡಿಸಿ ಹೇಳಿದಳು: "ಇರೋಣ."

ದನಿಯಿಲ್ಲದ ಮಾತು ಗುಟ್ಟಾಗಿರುತ್ತದೆ ಅಂತ ಆ ಕೋಣೆಯಲ್ಲಿ ಯಾರಾದರೂ ನಂಬುವುದುಂಟೇ? ನಾನು ಓದಿಕೊಳ್ಳುವಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಹೆಂಗಸರು ಸುಮತಿಯ ಮೇಲೆ ಬಿದ್ದರು. ಗಂಡಸರು ಚಪ್ಪಾಳೆ ತಟ್ಟಿದರು. ಪಾಪ, ಶಿಂದೆ ಸಾಹೇಬರೊಬ್ಬರೇ ಏನಾಯಿತು, ಏನಾಯಿತು ಅಂತ ನನ್ನ ತೋಳು ಜಗ್ಗುತ್ತಿದ್ದರು. ನನಗೆ ಅಳು ಬಂತು, ಕನ್ನಡದಲ್ಲೇ.

ಸುಮತಿ ರಾಜೀನಾಮೆ ಕಳಿಸಿದ ದಿನ ಮಾಳಿಗೆಯ ಮೇಲೆ ಒಬ್ಬಳೇ ಕೂತಿದ್ದಳು. ಖುಷಿ ಇಲ್ಲವೇ ಅಂದರೆ ಇದೆ ಅಂದಳು, ದುಃಖವಿಲ್ಲವೇ ಅಂದರೆ ಅದೂ ಇದೆ ಅಂದಳು. ನನ್ನದೂ ಅದೇ ಸ್ಥಿತಿ. ಕೊಳ್ಳೇಗಾಲಕ್ಕೆ ಫೋನು ಮಾಡಿದರೆ ಯಾವಾಗ ಊರಿಗೆ ಬರ್ತೀರಿ ಅನ್ನುತ್ತಾರೆ. ಗಡಹಿಂಗ್ಲಜಕ್ಕೆ ಹೋಗಿ ಎರಡು ದಿನ ಉಳಿದರೆ ಇಚಲಕರಂಜಿಯವರು ಯಾವಾಗ ಊರಿಗೆ ಬರ್ತೀರಿ ಅನ್ನುತ್ತಾರೆ. ಇಬ್ಬರಿಗೂ ಬಂದೆ, ಬಂದೆ ಅಂತಲೇ ಹೇಳುತ್ತೇನೆ.

ಮೊನ್ನೆ ರೂತವ್ವನ ಜೊತೆ ಸಂತೆಯಿಂದ ಮರಳುವಾಗ ಅವಳನ್ನು ಕೇಳಿದೆ, ಇಷ್ಟು ವರ್ಷ ಇಲ್ಲಿದ್ದೀಯಲ್ಲ, ಈ ಹೊಯ್ದಾಟ ಯಾವಾಗ ನಿಲ್ಲುತ್ತದೆ ಅಂತ. ಅವಳು ಸ್ಟ್ಯಾಂಡಿನ ಕಡೆ ಕೈ ತೋರಿಸಿದಳು. ಕರ್ನಾಟಕದ ಬಸ್ಸೊಂದು ಹೊರಟು ನಿಂತಿತ್ತು, ನೆತ್ತಿಯ ಮೇಲೆ ಕನ್ನಡದ ಬೋರ್ಡು.

"ನಾನೂ ಒಂದ ವರ್ಷಕ್ಕಂತ ಹೇಳೇ ಬಂದಾಕಿ ಅಯ್ನೋರ. ಮಕ್ಕಳ ಮದಿವ್ಯಾತು, ಮೊಮ್ಮಕ್ಕಳಾದ್ರು. ಈಗೂ ಗೋಕಾಕದ ಬಸ್ಸ ಕಂಡ್ರ ನಿಂತ ಬೋರ್ಡ್ ಓದತೇನಿ. ಹತ್ತಂಗಿಲ್ಲ. ಓದತೇನಿ, ಅಷ್ಟ."

ಬಸ್ಸು ಹೊರಡುವವರೆಗೂ ಇಬ್ಬರೂ ಅಲ್ಲೇ ನಿಂತು ಓದಿದೆವು.