ಮಡೆಪ್ಪಮಾವ ಮತ್ತು ಭಾಲ್ಕಿಯ ನಾಯಿ

ನಮ್ಮ ಸೋದರಮಾವ ಮಡೆಪ್ಪ ಸುಳ್ಳು ಹೇಳುವ ಮನುಷ್ಯನಲ್ಲ ಎಂದು ಬೀದರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಅವನು ಒಂದು ಸುಳ್ಳು ಹೇಳಿ ಅದನ್ನು ಹನ್ನೊಂದು ವರ್ಷ ಸಾಕಿದ್ದ ಎಂದು ನನಗೆ ತಿಳಿದದ್ದು, ಅವನ ತಾಯಿ, ನಮ್ಮಜ್ಜಿ ಈರಮ್ಮನನ್ನು ಮಣ್ಣು ಮಾಡಿ ಬಂದ ದಿನ. ತಿಳಿದಾಗ ಸಿಟ್ಟು ಬಂತು. ಅದು ಈಗಲೂ ಪೂರ್ತಿ ಇಳಿದಿಲ್ಲ. ಬರೆಯುವಾಗ ಕೈ ಸ್ವಲ್ಪ ಬಿರುಸಾದರೆ ಓದುವವರು ಸಹಿಸಿಕೊಳ್ಳಬೇಕು.

ಮಾವ ಹುಟ್ಟಿದ್ದು ಜನವಾಡದಲ್ಲಿ. ಅವನ ತಂದೆ ಹೋರಿಗಳ ಬೀಜ ಒಡೆಯುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವರು. ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಕಲ್ಲಿನ ಮೇಲಿಟ್ಟು ಕಲ್ಲಿನಿಂದಲೇ ಜಜ್ಜುತ್ತಿದ್ದರು. ಅದರ ಕೂಗು ಊರಾಚೆಯ ಹೊಲಗಳಿಗೂ ಕೇಳುತ್ತಿತ್ತು. ಮಗನಿಗೆ ಆ ಕೂಗು ಸಹಿಸಲಾಗಲಿಲ್ಲ. ಹೇಡಿ ಎಂದು ತಂದೆಯಿಂದ ಬೈಸಿಕೊಂಡ. ತಂದೆ ಹೋದ ಮೇಲೆ ತಾಯಿಯನ್ನು ಕರೆದುಕೊಂಡು ಬೀದರಿಗೆ ಬಂದು ಕುತುಬೋದ್ದೀನ ಸಾಹೇಬರ ದವಾಖಾನೆ ಸೇರಿದ.

ಸಾಹೇಬರು ನಿಜಾಮರ ರಿಸಾಲೆಯಲ್ಲಿ, ಅಂದರೆ ಕುದುರೆ ದಂಡಿನಲ್ಲಿ, ಕುದುರೆಗಳ ವೈದ್ಯರಾಗಿದ್ದವರು. ಪೆನ್ಶನ್ ಆದ ಮೇಲೆ ತಮ್ಮ ಮನೆಯ ಕುದುರೆಲಾಯವನ್ನೇ ಗುಡಿಸಿ, ಸುಣ್ಣ ಬಳಿದು, ದನ ನಾಯಿಗಳ ದವಾಖಾನೆ ಮಾಡಿಕೊಂಡಿದ್ದರು. ಅವರ ಕಪಾಟಿನಲ್ಲಿ ಕ್ಲೋರೋಫಾರ್ಮಿನ ಸೀಸೆ ಇತ್ತು. ಬಟ್ಟೆಯ ಮೇಲೆ ಅದನ್ನು ಹನಿಹನಿಯಾಗಿ ಬಿಟ್ಟು ಮೂತಿಗೆ ಹಿಡಿದರೆ ಪ್ರಾಣಿ ನಿದ್ದೆ ಹೋಗುತ್ತಿತ್ತು. ಕೊಯ್ಯುವುದು ಸಾಹೇಬರು, ಹನಿ ಬಿಡುವುದು ಮಾವ. ಕಣ್ಣಂಚನ್ನು ಬೆರಳಿನಿಂದ ಮುಟ್ಟಿ ನೋಡುವನು, ರೆಪ್ಪೆ ಮಿಟುಕಿದರೆ ಇನ್ನೂ ಆಗಿಲ್ಲ ಎಂದು ಅರ್ಥ. ಉಸಿರು ಎಣಿಸುವನು. ಕೂಗಿಲ್ಲದೆ ಕೊಯ್ಯಬಹುದು ಎಂದು ಮೊದಲ ಸಲ ಕಂಡಾಗ ಅತ್ತುಬಿಟ್ಟೆ ಎಂದು ಅವನೇ ಹೇಳಿದ್ದ.

ಆ ಕಾಲಕ್ಕೆ ಭಾಲ್ಕಿಗೆ ರೈಲು ಬಂದಿರಲಿಲ್ಲ. ಅಲ್ಲಿಂದ ಕೇಶರಬಾಯಿ ಎಂಬ ಹೆಂಗಸು ಎರಡು ದಿನ ಬಂಡಿಯಲ್ಲಿ ಕೂತು ತನ್ನ ನಾಯಿ ಗಂಗಿಯನ್ನು ತಂದಳು. ಪ್ಲೇಗಿನ ವರ್ಷ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡಾಗ ಅವಳ ಗಂಡ ಗುಡಿಸಲಲ್ಲೇ ಸತ್ತಿದ್ದ. ಹದಿನೈದು ದಿನ ಅವಳ ಹತ್ತಿರ ಒಬ್ಬ ಮನುಷ್ಯನೂ ಸುಳಿದಿರಲಿಲ್ಲ, ಈ ನಾಯಿಯೊಂದೇ ಬಾಗಿಲಲ್ಲಿ ಮಲಗಿತ್ತು. ಈಗ ಅದರ ಮೊಲೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟಾಗಿ, ಒಡೆದು ಸೋರುತ್ತಿತ್ತು.

"ಕೊಯ್ಯೂದು ಆಕಿಗಿ ಗೊತ್ತಾಗಬಾರದ್ರಿ. ಅಷ್ಟು ಮಾಡಿಕೊಡ್ರಿ," ಎಂದಳು.

"ಗೊತ್ತಾಗಂಗಿಲ್ಲ ಬಾಯಿ. ಮಕ್ಕೊಂಡು ಏಳ್ತದ, ಅಷ್ಟೇ," ಎಂದ ಮಾವ. ಮಾತಿನಲ್ಲಿ ಜಿಪುಣನಾದ ಅವನು ತಾನಾಗಿ ಕೊಟ್ಟ ಭರವಸೆ ಅದು.

ಮಾರನೆಯ ಬೆಳಿಗ್ಗೆ ಕೊಯ್ಯುವುದೆಂದಾಯಿತು. "ಹೊಟ್ಟಿ ಪೂರಾ ಖಾಲಿ ಇರಬೇಕು," ಎಂದರು ಸಾಹೇಬರು. "ಬೇಹೋಶ್ ಆದಾಗ ತಿಂದಿದ್ದು ಮ್ಯಾಲ ಬಂದ್ರ ಉಸಿರು ಕಟ್ತದ. ಸಾಕಿದವರ ಕೈಯಾಗ ಬಿಟ್ಟರ ಪ್ರೀತಿಗಿ ಏನರೆ ಹಾಕೇ ಹಾಕ್ತಾರ. ಮಡೆಪ್ಪ, ನಿನ್ನ ಮನಿಗಿ ಒಯ್ಯಿ."

ಕೇಶರಬಾಯಿ ಪರಿಚಯದವರ ಮನೆಯಲ್ಲಿ ಉಳಿದಳು. ಮಾವ ನಾಯಿಯನ್ನು ತಂದು ಅಂಗಳದಲ್ಲಿ ಕಟ್ಟಿ ತಾಯಿಗೆ ಹೇಳಿದ: "ಅವ್ವಾ, ರಾತ್ರಿ ಇದಕ ಏನೂ ಹಾಕಬ್ಯಾಡ. ಸಾಹೇಬರ ಹುಕುಂ." ಯಾಕೆ ಎಂದು ಹೇಳಲಿಲ್ಲ. ಹೇಳಿದ್ದರೆ ಇನ್ನೆರಡು ಮಾತು ಖರ್ಚಾಗುತ್ತಿದ್ದವು, ಮಹಾರಾಯನಿಗೆ.

ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತ. ಪೂಜೆಯಾಗದೆ ಆ ಮನೆಯಲ್ಲಿ ಯಾರೂ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಪೂಜೆ ಮುಗಿಸಿ, ತಾನೂ ತಿನ್ನದೆ, ನಾಯಿಯನ್ನು ದವಾಖಾನೆಗೆ ನಡೆಸಿಕೊಂಡು ಹೋದ.

ನಾಯಿ ಬೇಗ ನಿದ್ದೆ ಹೋಯಿತು. ಕಣ್ಣಂಚು ಮುಟ್ಟಿದರೆ ಮಿಟುಕಲಿಲ್ಲ. ಸಾಹೇಬರು ಗಂಟನ್ನು ಅರ್ಧ ಬಿಡಿಸಿದ್ದರು. ಆಗ ಅದರ ಹೊಟ್ಟೆ ಒಮ್ಮೆ ಎಳೆಯಿತು, ಗಂಟಲು ಗೊರಗೊರ ಎಂದಿತು. ಮಾವ ಮೂತಿಗೆ ಕಟ್ಟಿದ ಪಟ್ಟಿ ಹರಿದು, ನಾಲಗೆ ಹೊರಗೆಳೆದು, ಬೆರಳು ಹಾಕಿ ಗಂಟಲು ಬಳಿದ. ತಲೆ ಕೆಳಗೆ ಮಾಡಿ ಹಿಡಿದ. ಪಕ್ಕೆ ಒತ್ತಿದ. ಉಸಿರು ತಿರುಗಲಿಲ್ಲ.

ಕೈ ನೋಡಿಕೊಂಡ. ಬೆರಳಿಗೆ ಹಾಲಿನಲ್ಲಿ ನೆನೆದ ಜೋಳದ ರೊಟ್ಟಿಯ ತುಣುಕುಗಳು ಅಂಟಿದ್ದವು. ಮುಷ್ಟಿ ಮುಚ್ಚಿದ.

"ಇದರ ಹೊಟ್ಯಾಗ ಏನೋ ಇತ್ತು. ಯಾರು ತಿನಿಸಿದ್ರು?" ಎಂದು ಸಾಹೇಬರು ಕೇಳಿದರು.

ಬಾಗಿಲ ಬಳಿ ಕೂತಿದ್ದ ಕೇಶರಬಾಯಿ ಎದ್ದು ನಿಂತಳು. "ನಾನ್ರಿ. ಒಳಗ ಒಯ್ಯೂಕಿಂತ ಮೊದಲ ಬಾಯಾಗ ಬೆಲ್ಲ ಇಟ್ಟೆ. ಕಡ್ಲಿ ಕಾಳಿನಷ್ಟು. ಬಾಯಿ ಸಿಹಿ ಮಾಡಿ ಕಳಿಸಬೇಕು ಅಂತ."

"ನೀವೇ ಕೊಂದ್ರಲ್ಲ ಬಾಯಿ," ಎಂದರು ಸಾಹೇಬರು, ಮತ್ತು ಕೈ ತೊಳೆಯಲು ಹೋದರು.

ಮಾವ ಮುಷ್ಟಿ ಬಿಚ್ಚಲಿಲ್ಲ. ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ನಾಯಿಯನ್ನು ಸೀರೆಯಲ್ಲಿ ಸುತ್ತಿ ಬಂಡಿ ಹತ್ತಿದಳು.

ಸಂಜೆ ಮನೆಗೆ ಹೋದಾಗ ಅಜ್ಜಿ ಕೇಳಿದಳು: "ನಾಯಿದು ಹ್ಯಾಂಗಾಯ್ತೋ ಮಡೆಪ್ಪ?"

ಅವಳ ಮುಖ ನೋಡಿ ಮಾವ, "ಆರಾಮಾಯ್ತು. ಊರಿಗಿ ಹೋಯ್ತು," ಎಂದ.

"ಆಗದೇ ಏನು. ನೀ ಪೂಜಾಕ ಕುಂತಾಗ ಹಾಲಾಗ ರೊಟ್ಟಿ ಮುರದು ಹಾಕಿದ್ದೆ. ರಾತ್ರಿ ಹಾಕಬ್ಯಾಡ ಅಂದಿ, ಹಾಕಲಿಲ್ಲ. ಹೊತ್ತು ಹೊಂಟ ಮ್ಯಾಲ, ಮನಿಗಿ ಬಂದ ಜೀವ ಉಪಾಸ ಹೋಗಬಾರದಪ್ಪ. ಅದಕೇ ತಡಕೊಂತು ನೋಡು."

ಅಂಗೈಯಲ್ಲಿ ಲಿಂಗ ಹಿಡಿದು ತಾನು ಕಣ್ಣು ನೆಟ್ಟು ಕೂತಿದ್ದಾಗ, ಹತ್ತು ಹೆಜ್ಜೆ ಆಚೆ ಆ ನಾಯಿ ಹಾಲು ನೆಕ್ಕುತ್ತಿತ್ತು. ಅಜ್ಜಿಯನ್ನು ಮಣ್ಣು ಮಾಡಿ ಬಂದ ದಿನ ಇದನ್ನೆಲ್ಲ ನನಗೆ ಹೇಳಿದ್ದು ಮಾವನೇ. ದಾಸೋಹದ ಮನೆಯಲ್ಲಿ ಹುಟ್ಟಿದವನಿಗೆ ತಾಯಿ ಏನು ಮಾಡುತ್ತಾಳೆ ಎಂದು ಗೊತ್ತಿರಬೇಕಿತ್ತು. ಅಜ್ಜಿ ಪರಕೀಯಳೇನು?

ಅಂದಿನಿಂದ ಯಾವ ಪ್ರಾಣಿಯನ್ನೂ ಮನೆಗೆ ತರಲಿಲ್ಲ. ಕೊಯ್ಯುವ ಮುನ್ನ ಸಾಕಿದವರನ್ನಷ್ಟೇ ಅಲ್ಲ, ಆ ಮನೆಯಲ್ಲಿ ರೊಟ್ಟಿ ಬಡಿಯುವವರನ್ನೂ ಕರೆಸಿ ಹೊಟ್ಟೆ ಖಾಲಿ ಯಾಕಿರಬೇಕು ಎಂದು ಬಿಡಿಸಿ ಹೇಳುತ್ತಿದ್ದ. ಆಮೇಲೆ ಅವನ ಕೈಯಲ್ಲಿ ಒಂದು ಪ್ರಾಣಿಯೂ ಹಾಗೆ ಸಾಯಲಿಲ್ಲ. ಜನ ಹೊಗಳಿದರು. ಆ ಹೊಗಳಿಕೆ ನುಂಗಿಕೊಂಡು ಒಂದು ವರ್ಷ ಸುಮ್ಮನಿದ್ದ. ನನ್ನ ಸಿಟ್ಟು ಆ ಒಂದು ವರ್ಷದ ಮೇಲೆ.

ವರ್ಷ ಕಳೆದ ಮೇಲೆ ಭಾಲ್ಕಿಗೆ ಹೋದ. ಕೇಶರಬಾಯಿಯ ಮನೆಯಲ್ಲಿ ಬೇರೆ ಯಾರೋ ಇದ್ದರು. ಔರಾದಿನಲ್ಲಿ ತಂಗಿಯ ಮನೆ ಸೇರಿದ್ದಾಳೆ ಎಂದರು. ಔರಾದಿಗೆ ಹೋದ. ಬಾಗಿಲು ತೆರೆದ ತಂಗಿ ಮೀರಾಬಾಯಿ ತಾನಾಗಿಯೇ ಹೇಳಿದಳು: "ಅಕ್ಕ ಬೀಸ್ತಾಳ, ನೀರು ತರ್ತಾಳ. ಆದ್ರ ಯಾರಿಗೂ ಉಣ್ಣಾಕ ಹಾಕಂಗಿಲ್ರಿ. ನನ್ನ ಕೈ ಕೆಟ್ಟದ ಅಂತಾಳ. ಕೂಸಿನ ಬಾಯಿಗಿ ಒಂದು ತುತ್ತೂ ಇಟ್ಟಿಲ್ಲ."

ಕೇಶರಬಾಯಿ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಮಾವ ನಿಂತೇ ಎಲ್ಲ ಹೇಳಿದ, ಹಾಲು, ರೊಟ್ಟಿ, ಮುಚ್ಚಿದ ಮುಷ್ಟಿ. ಅವಳು ಕಲ್ಲು ನಿಲ್ಲಿಸಿದಳು.

"ಒಂದು ವರ್ಷ ಯಾಕ ತಡಾ ಮಾಡಿದ್ರಿ?" ಎಂದಳು.

ಕಲ್ಲಿನ ಸುತ್ತಲಿನ ಹಿಟ್ಟನ್ನು ಸವರಿ, ಮತ್ತೆ ಕೇಳಿದಳು: "ನಿಮ್ಮವ್ವಗ ಗೊತ್ತದನು?"

"ಇಲ್ರಿ. ನಾಯಿ ಆರಾಮ ಅದ ಅಂತ ಹೇಳೀನಿ. ಹೋಗಿ ಖರೆ ಹೇಳ್ತೇನಿ."

"ಬ್ಯಾಡ," ಎಂದಳು ಕೇಶರಬಾಯಿ. "ತನ್ನ ಕೈಯಾಗಿನ ತುತ್ತೇ ಕೊಂದದ ಅಂತ ತಿಳಕೊಂಡು ಬದುಕೂದು ಹ್ಯಾಂಗಿರ್ತದ, ನನಗ ಗೊತ್ತದ. ಮುದುಕಿಗಿ ಅದು ಬ್ಯಾಡ್ರಿ."

ಮಾವ ಅವಳ ಮಾತು ನಡೆಸಿದ. ಅಜ್ಜಿ ಹಬ್ಬಕ್ಕೊಮ್ಮೆಯಾದರೂ ಆ ನಾಯಿಯನ್ನು ಕೇಳುತ್ತಿದ್ದಳು, ಅವನು ಆರಾಮ ಅದ ಎನ್ನುತ್ತಿದ್ದ. ಅದಕ್ಕೆ ಮರಿ ಆದವೇ ಎಂದು ಒಮ್ಮೆ ಕೇಳಿದಾಗ, ನಾಲ್ಕು ಎಂದನಂತೆ. ಕೊನೆಯ ದಿನ ನಾನೂ ಹಾಸಿಗೆಯ ಪಕ್ಕದಲ್ಲೇ ಇದ್ದೆ, ಏನೂ ತಿಳಿಯದೆ.

"ಭಾಲ್ಕಿ ನಾಯಿ ಈಗ ಮುದುಕಿ ಆಗಿರಬೇಕಲ್ಲೋ," ಎಂದಳು ಅಜ್ಜಿ.

"ಹೌದವ್ವಾ."

"ಉಣ್ಣಾಕ ಹಾಕ್ತಾರನು?"

"ಹಾಕ್ತಾರವ್ವಾ," ಎಂದು ಮಾವ ತಲೆ ತಗ್ಗಿಸಿ ಅವಳ ಬಲಗೈ ಹಿಡಿದುಕೊಂಡ.