ಅಜ್ಜಿಯ ಕೋಣೆಯ ಕಾರ್ನೇಷನ್

ಮೊನ್ನೆ ಇಂದಿರಾನಗರದ ಹೂವಿನಂಗಡಿಯೊಂದರ ಗಾಜಿನ ಬಾಗಿಲು ತೆರೆದೆ. ಒದ್ದೆ ಪೇಪರು, ಆಗಷ್ಟೇ ಕತ್ತರಿಸಿದ ಹಸಿ ಕಡ್ಡಿಗಳ ವಾಸನೆ ತಣ್ಣಗೆ ಮುಖಕ್ಕೆ ಬಡಿಯಿತು. ಅಲ್ಲಿ ಹೂಗಳಿಗೂ ಏಸಿ. ಜೋಗುಪಾಳ್ಯದ ನಮ್ಮ ಮನೆಯಲ್ಲಿ ಅಷ್ಟು ತಂಪಿದ್ದದ್ದು ಅಜ್ಜಿಯ ಕೋಣೆ ಒಂದೇ. ಕಲ್ಲುಚಪ್ಪಡಿಯ ಮಾಡು, ಕೆಂಪು ಗಾರೆಯ ನೆಲ, ಬಿಸಿಲೇ ಕಾಣದ ಕಿಟಕಿ. ಅಪ್ಪ ಹಲಸೂರಿನಲ್ಲಿ ಬೊಕೆ ಕಟ್ಟುವ ಪುಟ್ಟ ಅಂಗಡಿ ಇಟ್ಟಿದ್ದರು, ಕಂಟೋನ್ಮೆಂಟಿನ ಚರ್ಚುಗಳಿಗೆ ಮದುವೆಯ ಅಲಂಕಾರವನ್ನೂ ಮಾಡುತ್ತಿದ್ದರು. ತಂದ ಹೂವೆಲ್ಲ ಅಜ್ಜಿಯ ಮಂಚದ ಸುತ್ತ ಬಕೆಟ್ಟುಗಳಲ್ಲಿ ನಿಂತು ಕಾಯುತ್ತಿದ್ದವು. ತಾತ ಹೋದ ಮೇಲೆ ಅಜ್ಜಿ ಹೂ ಮುಡಿದವಳಲ್ಲ, ಮುಡಿ ಎಂದು ಯಾರೂ ಹೇಳಲಿಲ್ಲ. ಆದರೆ ಗುಲಾಬಿ, ಗ್ಲಾಡಿಯೋಲಸ್ಸಿನ ನಡುವೆ ಕೂತು ಒಂದೊಂದೇ ಕಡ್ಡಿಯ ಎಲೆ ಬಿಡಿಸುವಾಗ ಅವಳ ಮುಖ ನೋಡಬೇಕಿತ್ತು ನೀವು. ಬಕೆಟ್ಟು ಬರದ ವಾರ ಅವಳಿಗೆ ಊಟವೂ ಅಷ್ಟಕ್ಕಷ್ಟೆ.

ಕತ್ತರಿಸಿದ ಹೂವಿನ ವ್ಯಾಪಾರವೆಂದರೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಮೊದಲು ಹೊರಮಾವಿನ ತೋಟವೊಂದರಿಂದ ಹೂ ಬರುತ್ತಿತ್ತು. ತೋಟ ಸೈಟುಗಳಾದ ಮೇಲೆ ಅಪ್ಪ ಹೊಸೂರು ಕಡೆಯಿಂದ ಹೂ ತರುವ ಬಸ್ಸಿಗೆ ಕಾಯುವಂತಾಯಿತು. ಬಸ್ಸು ತಡವಾದರೆ ಪೆಟ್ಟಿಗೆಯೊಳಗೆ ಹೂ ಬೆಂದುಹೋಗುತ್ತಿತ್ತು. ಮುಹೂರ್ತದ ದಿನಗಳಲ್ಲಂತೂ ದೊಡ್ಡ ಅಂಗಡಿಯವರೇ ಎಲ್ಲ ಬಾಚಿಕೊಂಡು ಹೋಗುತ್ತಿದ್ದರು. ಅದಕ್ಕೇ ಪಕ್ಕದ ಮನೆಯ ಸ್ಟೆಲ್ಲಾ ಅಕ್ಕನ ಮದುವೆಗೆ ಅಪ್ಪ ಬಿಳಿ ಕಾರ್ನೇಷನ್‌ಗಳನ್ನು ಎರಡು ದಿನ ಮೊದಲೇ ತಂದು ಅಜ್ಜಿಯ ಕೋಣೆಯಲ್ಲಿಟ್ಟರು. ಅದೇ ಕೋಣೆಯ ಮೂಲೆಯಲ್ಲಿ, ಬರುವ ಹುಣ್ಣಿಮೆಯ ಸತ್ಯನಾರಾಯಣ ಪೂಜೆಗೆಂದು ಅಜ್ಜಿ ಏಲಕ್ಕಿ ಬಾಳೆಗೊನೆಯನ್ನು ಗೋಣಿಚೀಲದಲ್ಲಿ ಸುತ್ತಿ ಹಣ್ಣಿಗೆ ಹಾಕಿದ್ದಳು.

ಮದುವೆಯ ಬೆಳಿಗ್ಗೆ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಬಕೆಟ್ಟಿನ ನೀರು ತಿಳಿಯಾಗಿತ್ತು, ಕಡ್ಡಿಗಳು ಹಸಿರಾಗಿದ್ದವು. ಹೂಗಳು ಮಾತ್ರ ಒಂದೂ ಬಿಡದಂತೆ ಎಸಳುಗಳನ್ನು ಒಳಕ್ಕೆಳೆದುಕೊಂಡು ಮುದುಡಿದ್ದವು. ಬಕೆಟ್ಟಿಗೆ ಸೋಪಿನ ನೀರು ಸೋಕಿರಬೇಕೆಂದು ಅಪ್ಪ ಅಮ್ಮನ ಮೇಲೆ ಹಾರಾಡಿದರು. ಹೊಸೂರಿಗೆ ಫೋನು ಮಾಡಿ, "ಹಳೇ ಮಾಲು ಕೊಟ್ಟು ನನ್ನ ಮರ್ಯಾದೆ ಕಳೆದ್ರಲ್ರೀ" ಎಂದು ಬೈದರು. ಅಜ್ಜಿ ಮಂಚದ ತುದಿಯಲ್ಲಿ ಕೂತು, ಮುದುಡಿದ ಎಸಳುಗಳನ್ನು ಬೆರಳಿನಿಂದ ಬಿಡಿಸಲು ನೋಡುತ್ತಲೇ ಇದ್ದಳು.

ಅಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಿವಾಜಿನಗರದ ಮಾರ್ಕೆಟ್ಟಿಗೆ ಓಡಿದರು. ಬಿಳಿ ಬಣ್ಣದಲ್ಲಿ ಸಿಕ್ಕಿದ್ದು ಸೇವಂತಿಗೆ ಮಾತ್ರ, ಅದು ಸಮಾಧಿಗಿಡುವ ಹೂವೆಂದು ಸ್ಟೆಲ್ಲಾ ಅಕ್ಕನ ತಾಯಿ ಮೊದಲೇ ಬೇಡವೆಂದಿದ್ದರು. ಕೊನೆಗೆ, ಅಪ್ಪನ ಹಳೆಯ ಗೆಳೆಯ ಬಾಬು ಭಾಯ್ ಬೇರೆ ಯಾರಿಗೋ ತೆಗೆದಿಟ್ಟಿದ್ದ ತಿಳಿಗುಲಾಬಿ ಬಣ್ಣದ ಗುಲಾಬಿಗಳನ್ನು ಎತ್ತಿಕೊಟ್ಟರು. ಕೊಡುತ್ತಲೇ ಕೇಳಿದರು, "ಕಾರ್ನೇಷನ್ ಇಟ್ಟಿದ್ ರೂಮಲ್ಲಿ ಹಣ್ಣೇನಾದ್ರೂ ಇತ್ತಾ ಅಣ್ಣ? ಬಾಳೆಹಣ್ಣಿನ ಗಾಳಿ ತಾಕಿದ್ರೂ ಸಾಕು, ಅವು ಮುದುಡ್ಕೊಂಡ್ಬಿಡ್ತವೆ."

ಅಪ್ಪನ ಮುಖ ಇಳಿದುಹೋಯಿತು. ಸ್ಕೂಟರು ಹತ್ತುವ ಮೊದಲು ನನ್ನ ಕಡೆ ತಿರುಗಿ, "ಅಜ್ಜಿಗೆ ಹೇಳ್ಬೇಡ ಪುಟ್ಟಿ. ತನ್ನಿಂದ್ಲೇ ಆಯ್ತು ಅಂತ ಕೊರಗ್ತಾರೆ" ಎಂದರು.

ಮದುವೆ ಹೇಗೋ ಚೆನ್ನಾಗಿಯೇ ಆಯಿತು. ಸ್ಟೆಲ್ಲಾ ಅಕ್ಕ ಆ ಗುಲಾಬಿಗಳನ್ನು ಹಿಡಿದು ನಗುತ್ತಿದ್ದ ಫೋಟೋ ಬಹಳ ದಿನ ಅಪ್ಪನ ಅಂಗಡಿಯಲ್ಲಿತ್ತು. ಆದರೆ ಅಪ್ಪನಿಗೆ ಭಯ ಹೊಕ್ಕಿತ್ತು. ಪೂಜೆ, ಹಬ್ಬ, ವ್ರತ ಎಂದು ಅಜ್ಜಿಯ ಕೋಣೆಯಲ್ಲಿ ಹಣ್ಣು ತಪ್ಪುತ್ತಿರಲಿಲ್ಲ. ತೆಗೆಯಿರಿ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಮುಂದಿನ ವಾರ ಬಕೆಟ್ಟುಗಳನ್ನು ಹಿತ್ತಲ ಬಚ್ಚಲುಮನೆಯಲ್ಲಿ ಸಾಲಾಗಿ ಇಟ್ಟು, "ಹೂಗೆ ಗಾಳಿ ಬೇಕಂತೆ" ಎಂದರು. ಅಜ್ಜಿ ಒಂದೆರಡು ಸಲ ಬಚ್ಚಲಿನವರೆಗೂ ಹೋಗಿ, ಹೊಸ್ತಿಲಿನಿಂದಲೇ ನೋಡಿ ಬಂದಳು.

ಒಂದು ಸಂಜೆ ಅಪ್ಪ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಕೇಳಿದಳು. "ಚರ್ಚಿನೋರು ಏನಾದ್ರೂ ಅಂದ್ರೇನೋ? ಮದುವೆ ಹೂವನ್ನ ಗಂಡ ಸತ್ತೋಳ ರೂಮಲ್ಲಿ ಇಡ್ತಾರೆ, ಅದಕ್ಕೇ ಹಾಳಾಯ್ತು ಅಂತ?"

ಅಪ್ಪನ ಕೈಯ ತುತ್ತು ತಟ್ಟೆಗೇ ಬಿತ್ತು. ಆಮೇಲೆ ಏನನ್ನೂ ಮುಚ್ಚಿಡಲಿಲ್ಲ. ಗೋಣಿಚೀಲ, ಬಾಳೆಗೊನೆ, ಬಾಬು ಭಾಯ್ ಹೇಳಿದ ಮಾತು ಎಲ್ಲವನ್ನೂ ಹೇಳಿದರು. ಅಪ್ಪ ಹೇಳ್ತಿರೋದು ನಿಜ ಅಜ್ಜಿ ಎಂದು ನಾನೂ ಆಣೆ ಇಟ್ಟೆ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಅಪ್ಪನ ತಲೆ ಸವರಿ ನಕ್ಕಳು.

"ಬಾಳೆಹಣ್ಣಿಗೆ ಎಲ್ಲಾದ್ರೂ ಹೂ ಬಾಡತ್ತೇನೋ, ಹುಚ್ಚಪ್ಪ. ನನ್ನ ಸಮಾಧಾನಕ್ಕೆ ಅಂತ ಮಗೂ ಕೈಲೂ ಸುಳ್ಳು ಹೇಳಿಸ್ತೀಯಲ್ಲ."

ಮರುದಿನವೇ ಅಪ್ಪ ಬಕೆಟ್ಟುಗಳನ್ನು ಮತ್ತೆ ಅವಳ ಕೋಣೆಗೆ ಹೊತ್ತು ತಂದರು. ಅವಳು ಬೇಡವೆನ್ನಲಿಲ್ಲ. ಮಂಚದ ಮೇಲಿನ ಚಾಪೆ, ದಿಂಬು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದಾಚೆ ಮದುವೆಯ ಹೂ ಮನೆಗೆ ಬಂದ ದಿನವೆಲ್ಲ ಅವಳು ಮಲಗುತ್ತಿದ್ದದ್ದು ಅಡುಗೆಮನೆಯಲ್ಲೇ, ಗೋಡೆಯ ಕಡೆ ಮುಖ ಮಾಡಿ.