ಧೋತರದಲ್ಲಿ ಕಟ್ಟಿದ ರೊಟ್ಟಿ

ವಿಜಯಪುರದ ನಮ್ಮ ಕಾಲೇಜು ನನ್ನನ್ನು ಒಂದು ಸೆಮಿಸ್ಟರಿಗೆ ಸ್ಕಾಟ್ಲೆಂಡಿನ ಕಾಲೇಜೊಂದಕ್ಕೆ ವಿನಿಮಯ ವಿದ್ಯಾರ್ಥಿನಿಯಾಗಿ ಕಳಿಸಿತು. ಹೊರಡುವ ಮುಂಚೆ ನಮ್ಮೂರು ಬಿಜ್ಜರಗಿಯ ಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿದು, ಕಡಕ್ ಆಗುವಂತೆ ಒಣಗಿಸಿ, ಹಳೆಯ ಧೋತರದಲ್ಲಿ ಗಂಟು ಕಟ್ಟಿದಳು. ಡಬ್ಬಿಯಲ್ಲಿ ಹಾಕೋಣವೆಂದರೆ ಗದರಿದಳು: "ರೊಟ್ಟಿಗಿ ಗಾಳಿ ಆಡಬೇಕ. ಬಟ್ಟ್ಯಾಗಿದ್ರ ತಿಂಗಳಗಟ್ಲೆ ಇರ್ತಾವ."

ಅಲ್ಲಿನವರ ಇಂಗ್ಲಿಷು ನನ್ನ ತಲೆಗೆ ಹತ್ತಲಿಲ್ಲ. ತರಗತಿಯಲ್ಲಿ ಎಲ್ಲರೂ ನಕ್ಕಾಗ ನಾನೂ ಸುಮ್ಮನೆ ನಗುತ್ತಿದ್ದೆ. ತೀರ ಸೋತುಹೋದ ದಿನ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಒಂದು ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ತಿನ್ನುತ್ತಿದ್ದೆ. ಮುಗಿದುಹೋದೀತೆಂಬ ಹೆದರಿಕೆಯಿಂದ ಉಳಿದ ದಿನ ಗಂಟು ಮುಟ್ಟುತ್ತಿರಲಿಲ್ಲ.

ಬಿಡದೆ ಸುರಿದ ಮಳೆಯ ವಾರ ಗಂಟು ಬಿಚ್ಚಿದರೆ, ರೊಟ್ಟಿಗಳೆಲ್ಲ ಮೆತ್ತಗಾಗಿ ಹಸಿರು ಬೂಷ್ಟು ಹಿಡಿದಿದ್ದವು. ಯಾರ ಮೇಲೆ ಸಿಟ್ಟು ತೀರಿಸಬೇಕೋ ತಿಳಿಯದೆ ಅವ್ವನಿಗೇ ಫೋನು ಮಾಡಿ ಹರಿಹಾಯ್ದೆ. ಆಕೆ ನಂಬಲೇ ಇಲ್ಲ.

"ಕಡಕ್ ರೊಟ್ಟಿಗಿ ಎಲ್ಲ್ಯರ ಬೂಷ್ಟ ಬರ್ತದೇನ? ಥಂಡಿಗಿ ಮೆತ್ತಗಾಗಿರ್ಬೇಕ. ನಾಳಿ ಬಿಸಲಿಗಿ ಹರವು, ಮತ್ತ ಕಡಕ್ ಆಗ್ತಾವ."

ಕಿಟಕಿಯಾಚೆ ಮಧ್ಯಾಹ್ನಕ್ಕೇ ಕತ್ತಲು ಕವಿದಿತ್ತು. ಸೂರ್ಯನನ್ನು ನೋಡಿ ಎಷ್ಟು ದಿನವಾಗಿತ್ತೋ ನೆನಪಿರಲಿಲ್ಲ.

"ಹೂಂ ಬೇ, ಹರವ್ತೀನಿ" ಎಂದೆ.